ಕಿನ್ಶಾಸಾದಲ್ಲಿ ಮೂರು ದಿನ

ನಾನು ಲಾರಿಗಳ ವೇಳಾಪಟ್ಟಿ ಬರೆಯುವ ಮನುಷ್ಯ. ಸಾಂಗಲಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಅದನ್ನೇ ಮಾಡಿದೆ. ಅರಿಶಿನ ತುಂಬಿದ ಗಾಡಿ ಎಷ್ಟಕ್ಕೆ ಬಿಟ್ಟರೆ ಎಷ್ಟಕ್ಕೆ ಮುಂಬೈ ಮುಟ್ಟುತ್ತದೆ, ಡ್ರೈವರ್ ಎಲ್ಲಿ ಚಹಾ ಕುಡಿಯಬೇಕು, ಎಲ್ಲ ನನಗೆ ಬಾಯಿಪಾಠ. ಆಮೇಲೆ ಪುಣೆಯ ದೊಡ್ಡ ಕಂಪನಿಯೊಂದು ನಮ್ಮನ್ನು ತನ್ನೊಳಗೆ ಸೇರಿಸಿಕೊಂಡಿತು. ಪಟ್ಟಿಯನ್ನು ಅಲ್ಲಿಯ ಕಂಪ್ಯೂಟರ್ ಮಾಡತೊಡಗಿತು. ನನ್ನ ಮೇಜನ್ನು ಮೆಟ್ಟಿಲ ಕೆಳಗೆ ಸರಿಸಿ, ಪುನರ್ರಚನೆ ಮುಗಿಯುವವರೆಗೆ ಸುಮ್ಮನೆ ಕೂತಿರಿ ಎಂದರು. ಸುಮ್ಮನೆ ಕೂಡುವುದು ನನ್ನ ಜಾತಕದಲ್ಲೇ ಇಲ್ಲ. ಬಾಯಾರಿಕೆ ಇಲ್ಲದಿದ್ದರೂ ದಿನಕ್ಕೆ ಹತ್ತು ಸಲ ನೀರಿಗೆಂದು ಎದ್ದೆ. ಮಿರಜಿನ ಮನೆಗೆ ಬರುವ ಬಸ್ಸಿನಲ್ಲೂ ನನ್ನ ಕಾಲು ಕುಣಿಯುತ್ತಲೇ ಇತ್ತು.

ಆಗ ಧರಣೇಂದ್ರನ ಫೋನು ಬಂತು. ಅವನು ನನ್ನ ಹೆಂಡತಿ ಮಂಗಲಳ ತಮ್ಮ. ಕಾಂಗೋ ದೇಶದ ರಾಜಧಾನಿ ಕಿನ್ಶಾಸಾದಲ್ಲಿ ಔಷಧದ ಗೋದಾಮು ನೋಡಿಕೊಳ್ಳುತ್ತಾನೆ. ಅವನ ಕಂಪನಿಯೂ ಇನ್ನೊಂದರಲ್ಲಿ ಸೇರುತ್ತಿತ್ತಂತೆ.

"ದಾಜಿ, ಬರೋದಿದ್ರ ಈಗ ಬರ್ರಿ. ಜುಲೈ ಮುಗೀತಂದ್ರ ಈ ಮನಿ ಹೋಗ್ತೈತಿ. ಆಮ್ಯಾಲೆ ನನ್ನ ಯಾವ ದೇಶಕ್ಕ ಒಗೀತಾರೋ ಗೊತ್ತಿಲ್ಲ. ಮೂರು ದಿವಸ ಊರು ತೋರಸ್ತೇನಿ."

ಹುಡುಗನಾಗಿದ್ದಾಗಿನಿಂದ ನನಗೊಂದು ಹುಚ್ಚು, ಸಾಯುವುದರೊಳಗೆ ಒಮ್ಮೆ ಬೇರೆ ದೇಶ ನೋಡಬೇಕು. ಆಗಸ್ಟಿನಲ್ಲಿ ಕಂಪನಿ ನನ್ನನ್ನು ನಾಗಪುರಕ್ಕೆ ಕಳಿಸುತ್ತದೋ ಮನೆಗೆ ಕಳಿಸುತ್ತದೋ ತಿಳಿಯದು. ಈಗ ಹೋಗದಿದ್ದರೆ ಇನ್ನು ಇಲ್ಲ.

ಒಂದೇ ಒಂದು ಅಡ್ಡಿ ಇತ್ತು. ನಮ್ಮ ಜೈನರಲ್ಲಿ ದಿಗ್ವ್ರತ ಅಂತ ಇದೆ. ಯಾವ ದಿಕ್ಕಿಗೆ ಎಲ್ಲಿಯವರೆಗೆ ಹೋಗುತ್ತೇನೆ ಎಂದು ಮುನಿಗಳ ಮುಂದೆ ಗೆರೆ ಹಾಕಿಕೊಂಡರೆ, ಬದುಕಿರುವ ತನಕ ಅದನ್ನು ದಾಟುವಂತಿಲ್ಲ. ಮದುವೆಯಾದ ಮರುವರ್ಷ ಬಸದಿಯ ಉತ್ಸವದಲ್ಲಿ ಊರವರ ಜೊತೆ ನಾನೂ ಆ ವ್ರತ ತಗೊಂಡಿದ್ದೆ. ಉಳಿದವರು ಮುಂಬೈ, ಶ್ರವಣಬೆಳಗೊಳ ಎಂದು ಹತ್ತಿರದ ಗೆರೆ ಹಾಕಿಕೊಂಡರೆ, ನಾನು ಎಂಟೂ ದಿಕ್ಕಿಗೆ ಎರಡು ಸಾವಿರ ಹರದಾರಿ ಎಂದಿದ್ದೆ. ಮುನಿಗಳೇ ನಕ್ಕಿದ್ದರು. ಈಗ ಹರದಾರಿಗೆ ಮೂರು ಮೈಲಿಯಂತೆ ನಕಾಶೆಯ ಮೇಲೆ ದಾರ ಹಿಡಿದು ಅಳೆದೆ. ಕಿನ್ಶಾಸಾ ಗೆರೆಯೊಳಗೇ ಬಿತ್ತು. ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಎರಡು ತಿಂಗಳು ಮೆಟ್ಟಿಲ ಕೆಳಗೆ ಕೂತು ಪಟ್ಟಿ ಬರೆದೆ. ಮೂರು ದಿನಕ್ಕೆ ಹನ್ನೊಂದು ಜಾಗ. ಏಳಕ್ಕೆ ಕಾಂಗೋ ನದಿಯ ದಂಡೆ, ಒಂಬತ್ತಕ್ಕೆ ನೀರು ಬಂಡೆಗಳ ಮೇಲೆ ಭೋರ್ಗರೆಯುವ ಜಾಗ, ಹನ್ನೊಂದಕ್ಕೆ ವಸ್ತುಸಂಗ್ರಹಾಲಯ, ಮರುದಿನ ಊರಾಚೆಗಿನ ಬೊನೊಬೊ ಮಂಗಗಳು, ಮೂರನೆಯ ದಿನ ಸಂತೆ, ಹೀಗೆ. ಅಲ್ಲಿ ವರ್ಷವಿಡೀ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಮುಳುಗಿದ ಮೇಲೆ ನಾವು ಉಣ್ಣುವವರಲ್ಲ, ಆದ್ದರಿಂದ ಐದಕ್ಕೇ ಊಟ ಎಂದು ಬರೆದೆ. ಪಾಸ್‌ಪೋರ್ಟ್ ಆಯಿತು, ವೀಸಾ ಆಯಿತು, ಮುಂಬೈಗೆ ಹೋಗಿ ಇಬ್ಬರೂ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡೆವು. ಮಂಗಲ ಎಲ್ಲದಕ್ಕೂ ಹೂಂ ಎಂದಳು.

ಟಿಕೀಟು ತೆಗೆಸುವ ಹಿಂದಿನ ಸಂಜೆ, ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಿದ್ದೆವು.

"ಏನ್ರಿ, ಒಂದ ಮಾತು. ಸಿಟ್ಟಾಗಬ್ಯಾಡ್ರಿ. ನಿಮ್ಮ ವ್ರತದಾಗ ಮ್ಯಾಲಿನ ದಿಕ್ಕು ಎಷ್ಟ ಇತ್ತು?"

ಬೆರಳು ಮಡಚಿ ಎಣಿಸಿದೆ. ದಿಗ್ವ್ರತಕ್ಕೆ ದಿಕ್ಕು ಎಂಟಲ್ಲ, ಹತ್ತು. ಮೇಲೆ ಎಷ್ಟು, ಕೆಳಗೆ ಎಷ್ಟು ಎಂದು ಮುನಿಗಳು ಕೊನೆಗೆ ಕೇಳಿದ್ದರು. ಕೆಳಗೆ ನಮ್ಮ ಬಾವಿಯ ತಳ, ಮೇಲೆ ನಮ್ಮ ತೀರ್ಥ ಸಮ್ಮೇದ ಶಿಖರ್ಜಿ ಬೆಟ್ಟದ ತುದಿ ಎಂದು ಅವಸರದಲ್ಲಿ ಹೇಳಿ ಕೂತುಬಿಟ್ಟಿದ್ದೆ. ಅದಕ್ಕಿಂತ ಮೇಲೆ ಮನುಷ್ಯನಿಗೇನು ಕೆಲಸ ಅಂತ ಆಗ ಅನಿಸಿತ್ತು. ವಿಮಾನ ಅದರ ಏಳೆಂಟು ಪಟ್ಟು ಎತ್ತರದಲ್ಲಿ ಹಾರುತ್ತದೆ. ಜೀವನವಿಡೀ ಲಾರಿ ಕಳಿಸಿದವನು ನಾನು, ದೂರ ಅಳೆದೆ, ಎತ್ತರ ಅಳೆಯಲಿಲ್ಲ.

"ನಿನಗ ಹೆಂಗ ಗೊತ್ತು?"

"ಅವತ್ತ ನಾ ಬಸದಿ ಅಡಿಗಿ ಮನ್ಯಾಗ ಚಪಾತಿ ಲಟ್ಟಸಾಕತ್ತಿದ್ದೆ. ಮೈಕಿನ ಭೋಂಗಾದಾಗ ಎಲ್ಲಾ ಕೇಳಸ್ತಿತ್ತು."

"ಮತ್ತ ಎರಡು ತಿಂಗಳು ಯಾಕ ಬಾಯಿ ಮುಚಗೊಂಡ ಕುಂತಿದ್ದಿ?"

"ಮೇಜ ಸರಿಸಿದ ಮ್ಯಾಲೆ ನೀವು ಊಟಾನ ಬಿಟ್ಟಿದ್ರಿ. ಈ ಪಟ್ಟಿ ಹಿಡದ ಮ್ಯಾಲೆ ಎರಡ ಭಾಕರಿ ಉಣ್ಣಾಕತ್ತಿದ್ರಿ. ಹೆಂಗ ಹೇಳ್ಲಿ?"

ತಾಟು ಬಿಟ್ಟು ಎದ್ದೆ. ಅಂಗಳದಲ್ಲಿ ಆ ಗೋಡೆಯಿಂದ ಈ ಗೋಡೆಗೆ ತಿರುಗಿದೆ. ವ್ರತ ಮುರಿದು ಪ್ರಾಯಶ್ಚಿತ್ತ ತಗೊಂಡರಾಯಿತು ಎಂದು ಗಟ್ಟಿಯಾಗೇ ಅಂದೆ. ನಿಮ್ಮ ವ್ರತ, ನಿಮ್ಮ ವಿಚಾರ ಎಂದಳು. ನಾಲ್ಕು ಸುತ್ತು ಹಾಕುವಷ್ಟರಲ್ಲಿ ಆಗದ ಮಾತು ಎಂದು ಗೊತ್ತಾಯಿತು. ಮೇಜು, ಪಟ್ಟಿ, ಹುದ್ದೆ ಎಲ್ಲವನ್ನೂ ಬೇರೆಯವರು ಸರಿಸಿದ್ದರು. ಈ ಒಂದು ಗೆರೆ ಹಾಕಿದವನು ನಾನು. ಇದನ್ನೂ ಸರಿಸಿಬಿಟ್ಟರೆ ನನ್ನದು ಅಂತ ಏನು ಉಳಿಯುತ್ತದೆ? ಅಳು ಬಂತು. ಐವತ್ತೈದರ ಗಂಡಸು, ಅಂಗಳದ ಗೇಟು ಹಿಡಿದು ಅತ್ತೆ.

"ಧರಣೇಂದ್ರಗ ಬರಂಗಿಲ್ಲ ಅಂತ ಹೇಳು," ಎಂದೆ.

ಅವಳು ತಾಟು ತೆಗೆದಳು, ನೆಲ ಒರೆಸಿದಳು, ಆಮೇಲೆ ಹೇಳಿದಳು. "ನಾ ಹೋಗ್ತೇನಿ."

"ನಿನ್ನ ವ್ರತ?"

"ವ್ರತಕ್ಕ ನನ್ನ ಯಾರ ಕರದಿದ್ರು? ಐದನೂರ ಮಂದೀದು ಚಪಾತಿ ಇದ್ದೂವು."

"ನಿನಗೂ ಹೋಗೂ ಮನಸ್ಸಿತ್ತೇನು?"

"ಕೇಳಿದ್ರ ಹೇಳ್ತಿದ್ದೆ."

ಚಾಳೀಸು ಹಾಕಿಕೊಂಡು ನನ್ನ ಪಟ್ಟಿ ಓದಿದಳು. ಪೆನ್ನು ಕೇಳಿ ಹನ್ನೊಂದರಲ್ಲಿ ಒಂಬತ್ತು ಹೊಡೆದು ಹಾಕಿದಳು. ನದಿ ಮತ್ತು ಸಂತೆ ಉಳಿದವು. ದಂಡೆಯ ಮೇಲೆ ತಮ್ಮನ ಕೂಡ ದಿನವಿಡೀ ಸುಮ್ಮನೆ ಕೂಡುತ್ತಾಳಂತೆ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಮರುದಿನ ಸಾಂಗಲಿಯಲ್ಲಿ ಟಿಕೀಟಿನವನ ಮುಂದೆ ಕೂತೆ. ಒಂದೇ ಎಂದೆ. ಜೈನ ಊಟ ಎಂದೆ. ಸೀಟು ಕಿಟಕಿ ಪಕ್ಕದ್ದೋ, ದಾರಿ ಪಕ್ಕದ್ದೋ ಎಂದು ಕೇಳಿದ. ಕಿಟಕಿ ಎನ್ನಲು ಹೊರಟೆ. ಮೂವತ್ತೊಂದು ವರ್ಷ ಅವಳ ಜೊತೆ ಬಸ್ಸು ಹತ್ತಿದ್ದೇನೆ, ಒಂದು ಸಲವೂ ಕಿಟಕಿ ಬಿಟ್ಟುಕೊಟ್ಟಿಲ್ಲ. ಅವಳಿಗೆ ಯಾವುದು ಇಷ್ಟವೋ ನನಗೆ ಗೊತ್ತಿರಲಿಲ್ಲ.

ಸ್ವಲ್ಪ ತಡೆಯಿರಿ ಎಂದು ಅವನಿಗೆ ಹೇಳಿ, ಕೇಳಲು ಅವಳಿಗೆ ಫೋನು ಹಚ್ಚಿದೆ.