ದೀಪ ಹಿಡಿದವನ ತಪ್ಪು

ಗುಮಾಸ್ತರು ಬಂದು ಕೊನೆಯ ಬೆಂಚಿನಲ್ಲಿ ಕುಳಿತೊಡನೆ ತರಗತಿಯ ಗುಸುಗುಸು ನಿಂತಿತು. ಹದಿನೆಂಟು ವರ್ಷ ಕಾಲೇಜಿನ ಕಚೇರಿಯಲ್ಲಿ ಟೈಪು ಕುಟ್ಟಿದ ಸಾಧು ಪ್ರಾಣಿ. ಮಕ್ಕಳು ಅವರಿಗೆ ಹೆದರಿದ್ದು ಈ ವಾರವೇ ಮೊದಲು. ಹೆದರದೆ ಏನು ಮಾಡಿಯಾರು? ಹಳೆಯ ಇಂಗ್ಲಿಷ್ ನಾಟಕವೊಂದರ ಚರ್ಚೆ ಕಳೆದ ವಾರ ಎತ್ತೆತ್ತಲೋ ಹೊರಳಿ, ಪ್ರಾಂಶುಪಾಲರು ಕಟ್ಟಿಸಿದ ವರ್ಷವೇ ಕುಸಿದ ಪ್ರಯೋಗಾಲಯದ ಗೋಡೆಯ ತನಕ ಬಂದಿತ್ತು. ಗೋಡೆಯ ಮಾತೆತ್ತಿದ ಇಬ್ಬರಿಗೆ ಮರುದಿನವೇ ಟಿ.ಸಿ. ಕೊಟ್ಟು ಕಳಿಸಿದ್ದರು. ಅದನ್ನು ಟೈಪು ಮಾಡಿದವರೂ ಇವರೇ.

"ಯಾರು ಬಾಯಿ ಬಿಡ್ತಾರೋ ಅವರ ನಂಬರ್ ಬರ್ಕೊಂಡು ಬನ್ನಿ. ಮಿಕ್ಕಿದ್ದು ನಾನು ನೋಡ್ಕೋತೀನಿ," ಎಂದಿದ್ದರು ಪ್ರಾಂಶುಪಾಲರು. ಹೇಳಿದಷ್ಟು ಮಾಡುವವನಿಗೆ ಪಾಪವಿಲ್ಲ ಎಂದು ಗುಮಾಸ್ತರು ನಂಬಿದ್ದರು. ಆದರೆ ಇದೇ ತರಗತಿಯಲ್ಲಿ ಇಪ್ಪತ್ತೊಂಬತ್ತನೆಯ ನಂಬರು ಅವರ ಮಗಳು. ಇವತ್ತೊಂದು ದಿನ ಬಾಯಿಗೆ ಬೀಗ ಹಾಕಿಕೋ ಎಂದು ಬೆಳಿಗ್ಗೆ ಕೈಮುಗಿದಿದ್ದರು. ಅವಳು ಹೂಂ ಎಂದಿರಲಿಲ್ಲ, ಊಹೂಂ ಎಂದಿರಲಿಲ್ಲ.

ಮೇಡಂ ಪುಸ್ತಕ ತೆರೆದರು. ನೆಲಮಾಳಿಗೆಯಲ್ಲಿ ದೊರೆ ತನ್ನ ತಮ್ಮನನ್ನು ಕೊಲ್ಲುತ್ತಾನೆ. ಮೆಟ್ಟಿಲ ಮೇಲೆ ಸೇವಕನೊಬ್ಬ ದೀಪ ಹಿಡಿದು ನಿಂತಿರುತ್ತಾನೆ. ಆ ಸೇವಕನದು ತಪ್ಪೇ ಎಂದು ಕೇಳಿದರು. ಕೇಳುವಾಗ ಅವರ ದನಿಯೂ ಉಡುಗಿತ್ತು. ಒಬ್ಬರೂ ತಲೆ ಎತ್ತಲಿಲ್ಲ. ಹೊರಗಿನ ಪಡಸಾಲೆಯಲ್ಲಿ ಪ್ರಾಂಶುಪಾಲರ ಬೂಟಿನ ಸಪ್ಪಳ ಒಮ್ಮೆ ಹಾದುಹೋಯಿತು, ತಿರುಗಿ ಬಂತು, ಬಾಗಿಲ ಬಳಿ ನಿಂತಿತು.

ಆಗ ಮಗಳು ಎದ್ದಳು.

"ಹೊಟ್ಟೆಪಾಡಿಗೆ ಹಿಡಿದಿದ್ದ, ಮೇಡಂ. ಅವನನ್ನ ಬೈಯೋಕೆ ನಂಗೆ ಮನಸ್ಸು ಬರಲ್ಲ," ಎಂದಳು. "ಆದ್ರೆ ಬೆಳಕಿಲ್ದೇ ಇದ್ದಿದ್ರೆ, ಕತ್ತಿ ಯಾರ ಮೇಲೆ ಬೀಸ್ಬೇಕು ಅಂತ ದೊರೆಗೆ ಕಾಣ್ತಾನೇ ಇರ್ಲಿಲ್ಲ."

ಹಿಂತಿರುಗಿ ಅಪ್ಪನತ್ತ ನೋಡದೆ ಅವಳು ಕುಳಿತಳು. ಬೈದಿದ್ದರೂ ಅವರಿಗೆ ಅಷ್ಟು ನೋಯುತ್ತಿರಲಿಲ್ಲ. ದೀಪ ಹಿಡಿಯದಿದ್ದರೆ ಸೇವಕನ ತಲೆಯೇ ಹೋಗುತ್ತಿತ್ತಲ್ಲ ಎಂದು ಮುಂದಿನ ಸಾಲಿನ ಹುಡುಗನೊಬ್ಬ ಗೊಣಗಿದ. ಅದೂ ಸುಳ್ಳಲ್ಲ.

ಗುಮಾಸ್ತರು ಕಾಗದದ ಮೇಲೆ ಏನೋ ಬರೆದು ಎದ್ದು ನಿಂತರು. "ಹೋಗ್ತಿತ್ತಪ್ಪಾ, ನಿಜ," ಎಂದರು ಹುಡುಗನಿಗೆ. "ಆದ್ರೂ ಊದಿ ಆರಿಸ್ಬೇಕಿತ್ತು."

ಪ್ರಾಂಶುಪಾಲರು ಒಳಗೆ ಬಂದು ಕೈ ಚಾಚಿ ಕಾಗದ ತೆಗೆದುಕೊಂಡರು. ಕಾಗದದಲ್ಲಿ ಗುಮಾಸ್ತರ ಹೆಸರೊಂದೇ ಇತ್ತು.

"ಇಪ್ಪತ್ತೊಂಬತ್ತು ಎಲ್ರೀ? ಗೊಣಗಿದ ಆ ಹುಡುಗನ ನಂಬರ್ ಎಲ್ಲಿ?"

"ಇನ್ಮೇಲೆ ಯಾವ ಮಗುವಿನ ಟಿ.ಸಿ.ನೂ ನನ್ನ ಕೈಲಿ ಟೈಪ್ ಆಗಲ್ಲ, ಸಾರ್," ಎಂದು ಗುಮಾಸ್ತರು ಮಗಳ ಪಕ್ಕದ ಬೆಂಚಿಗೆ ಬಂದು ಕುಳಿತರು.