ಸಾವ್ಕಾರರ ಸಲುವಾಗಿ ಕಸರತ್ತು

ಆಳಂದದ ಅಡತಿ ವ್ಯಾಪಾರಿ ಜಗದೇವಪ್ಪ ಸಾವ್ಕಾರರು ತಮ್ಮದೇ ಗೋದಾಮಿನಲ್ಲಿ, ತಮ್ಮದೇ ತೊಗರಿ ಕಾಳಿನ ಮೇಲೆ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಚೆಲ್ಲಿದ ಕಾಳು ಗುಡಿಸಿಲ್ಲವೆಂದು ಹಮಾಲರನ್ನು ಬೈಯಲು ಹೋದಾಗ ಬಿದ್ದದ್ದು. ಬಿದ್ದ ಮೇಲೂ ಬೈಗುಳ ನಿಲ್ಲಲಿಲ್ಲವಂತೆ. ಸೊಲ್ಲಾಪುರದ ಆಸ್ಪತ್ರೆಯಲ್ಲಿ ಆಪರೇಶನ್ನಿಗೆಂದು ಪ್ರಜ್ಞೆ ತಪ್ಪಿಸಿದಾಗಲೇ ಸುತ್ತಲಿನವರಿಗೆ ಒಂದಿಷ್ಟು ಆರಾಮ ಸಿಕ್ಕಿದ್ದು. ಅಲ್ಲಿ ಸರಳು ಹಾಕಿ ಕಳಿಸಿದರು. ಎಲುಬು ಕೂಡಿತು, ಎಕ್ಸರೇ ಚೆನ್ನಾಗಿ ಬಂತು. ಸಾವ್ಕಾರರು ಮಾತ್ರ ಮಂಚ ಬಿಟ್ಟು ಏಳಲಿಲ್ಲ. ಆಗ ನನ್ನನ್ನು ಕರೆಸಿದರು.

ನಾನು ದ್ರೌಪದಿ, ಫಿಜಿಯೋಥೆರಪಿಸ್ಟ್. ಅದು ತೊಂಬತ್ತಾರನೆಯ ಇಸವಿ. ಗುಲ್ಬರ್ಗದಲ್ಲಿ ಒಂದು ಕೋಣೆ ಹಿಡಿದು ಪ್ರಾಕ್ಟೀಸ್ ಶುರುಮಾಡಿದ್ದೆ. ಅದಕ್ಕೂ ಮೊದಲು ಮುಂಬೈಯಲ್ಲಿ ಒಬ್ಬ ಪಾರಸಿ ಬಾಯಿಯ ಕೈಕೆಳಗೆ ಕೆಲಸ ಮಾಡಿದ್ದೆ. ಆಕೆ ವಿಲಾಯತಿಗೆ ಹೋಗಿ ಪಿಲಾಟೆಸ್ ಎಂಬ ಕಸರತ್ತು ಕಲಿತು ಬಂದಿದ್ದಳು. ನೆಲದ ಮೇಲೆ ಮಲಗಿ, ಹೊಟ್ಟೆ ಬಿಗಿಹಿಡಿದು, ಉಸಿರಿಗೆ ತಕ್ಕಂತೆ ನಿಧಾನವಾಗಿ ಸೊಂಟ ಎತ್ತುವುದು, ಕಾಲು ಚಾಚುವುದು. ನೋಡುವವರಿಗೆ ಸೋಮಾರಿತನದಂತೆ ಕಾಣುತ್ತದೆ, ಮಾಡುವವರಿಗೆ ಬೆವರು ಇಳಿಯುತ್ತದೆ. ಆಕೆ ಫಿಜಿಯೋಥೆರಪಿಯನ್ನೂ ಇದನ್ನೂ ಬೆರೆಸಿ ರೋಗಿಗಳನ್ನು ಎಬ್ಬಿಸುತ್ತಿದ್ದಳು. ಬಿಗಿದ ಕೀಲನ್ನು ನಮ್ಮ ಕೈ ಸಡಿಲಿಸಬೇಕು, ಸಡಿಲಾದದ್ದನ್ನು ರೋಗಿ ತನ್ನ ಕಸರತ್ತಿನಿಂದ ಗಟ್ಟಿ ಮಾಡಿಕೊಳ್ಳಬೇಕು. ಅರ್ಧ ನಮ್ಮದು, ಅರ್ಧ ಅವರದು. ಮುಂಬೈಯಲ್ಲಿ ಮಿಲ್ಲಿನ ಕೆಲಸಗಾರರಿಗೂ ಇದು ಒಂದೇ ಮಾತಿಗೆ ತಿಳಿಯುತ್ತಿತ್ತು. ಆಳಂದದ ಸಾವ್ಕಾರರಿಗೆ ತಿಳಿಯಲಿಲ್ಲ, ಏಕೆಂದರೆ ಅವರು ಬುದ್ಧಿವಂತರು.

ಮೊದಲ ದಿನ ನಾನು ಹೋದಾಗ ಅವರು ದಿಂಬಿಗೆ ಒರಗಿ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಕಾಲು ಚಾಚಿ ಕೂತಿದ್ದರು. ಆಸ್ಪತ್ರೆಯವರು ಕೊಟ್ಟ ವಾಕರ್ ಮಂಚದ ಪಕ್ಕದಲ್ಲಿತ್ತು. ಅದರ ಮೇಲೆ ಧೋತರ ಒಣಹಾಕಿದ್ದರು.

"ಬರ್ರಿ ಡಾಕ್ಟರಬಾಯಿ, ಬರ್ರಿ. ಯಾವೂರವ್ರು ನೀವು?"

"ಕಿಣ್ಣಿ ಸುಲ್ತಾನ್ರಿ."

"ಅರೇ, ನಮ್ಮ ಹೊಲ ಅದಾವಲ್ಲ ಅಲ್ಲಿ! ಯಾರ ಪೈಕಿ?"

ಅವರು ಊಹೆ ಮಾಡುತ್ತ ಒದ್ದಾಡುವುದು ಬೇಡವೆಂದು ನಾನೇ ಹೇಳಿಬಿಟ್ಟೆ. "ಚಂದಮ್ಮನ ಮಗಳ್ರಿ. ಬೌದ್ಧರ ಓಣಿಯಾಕಿ. ನಮ್ಮವ್ವ ನಿಮ್ಮ ಹೊಲದಾಗೇ ಕಳೆ ತಗೀತಿದ್ಲು."

ಚಾಚಿದ್ದ ಕಾಲನ್ನು ಅವರು ಮೆಲ್ಲಗೆ ಚಾದರದೊಳಗೆ ಎಳೆದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೆ ಆ ಕಾಲು ತಾನಾಗಿ ಅಲುಗಿದ್ದು ಅದೇ ಮೊದಲಂತೆ. ಮುಟ್ಟಬಾರದವರೆಂದು ಊರು ದೂರವಿಟ್ಟ ನನ್ನ ಜಾತಿಗೆ ಇಂಥ ಔಷಧಿ ಗುಣ ಇರುವುದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

"ನೋಡವ್ವಾ," ಎಂದರು. 'ನೀವು' ಹೋಗಿ 'ನೀನು' ಬಂದಿತ್ತು. "ನಾವು ಬಸವಣ್ಣನ ಮಂದಿ. ನಮ್ಮಲ್ಲಿ ಭೇದಭಾವ ಇಲ್ಲ. ಆದ್ರ ಕೈ ಹಚ್ಚೋದು ಒಂದು ಬ್ಯಾಡ. ಬಾಯಿಲೆ ಹೇಳು, ಮಾಡ್ತೇನಿ."

ಗೋಡೆಯ ಮೇಲೆ ಕುದುರೆ ಏರಿದ ಬಸವಣ್ಣನವರ ಫೋಟೊ ಇತ್ತು. ಅದಕ್ಕೆ ದಿನಾಲೂ ಹೂವು ಬದಲಾಗುತ್ತಿತ್ತು. ಆ ಮನೆಯಲ್ಲಿ ಬದಲಾಗುತ್ತಿದ್ದದ್ದು ಅದೊಂದೇ.

ಎದ್ದು ಬಂದುಬಿಡಬಹುದಿತ್ತು. ಆದರೆ ನನ್ನದೂ ಹಟಮಾರಿ ಸ್ವಭಾವ. ಚಂದಮ್ಮನ ಮಗಳು ಸಾವ್ಕಾರನನ್ನು ನಡೆಸಿದಳು ಎಂದು ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಮಂದಿ ಮಾತಾಡಬೇಕು ಎಂಬ ಆಸೆ ಹುಟ್ಟಿತು. ನೆಲಕ್ಕೆ ಜಮಖಾನೆ ಹಾಸಿಸಿ ನಾನೇ ಮಲಗಿ ಒಂದೊಂದೇ ಕಸರತ್ತು ತೋರಿಸಿದೆ. ಅವರು ತಲೆದೂಗುತ್ತ ನೋಡಿದರು. ಬಾಗಿಲಲ್ಲಿ ಅವರ ಹೆಂಡತಿ ಗುರುಶಾಂತಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ಆ ತಾಯಿಯ ಕುತ್ತಿಗೆ ಮರಗಟ್ಟಿತ್ತು. ಯಾರಾದರೂ ಪಕ್ಕದಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಅದನ್ನು ನನಗೆ ತೋರಿಸಬೇಕೆಂದು ಆ ಮನೆಯಲ್ಲಿ ಯಾರಿಗೂ ಅನಿಸಿರಲಿಲ್ಲ.

ಮುಂದಿನ ವಾರ ಹೋದಾಗ ಸಾವ್ಕಾರರು ಖುಷಿಯಲ್ಲಿದ್ದರು. "ಒಂದಿನಾನೂ ತಪ್ಪಿಲ್ಲ. ಎಲ್ಲಾ ಬರೋಬ್ಬರಿ ನಡದದ."

"ಮಾಡಿ ತೋರಸ್ರಿ, ನೋಡೋಣ."

"ಏ, ಇಕಿಗಿ ಮಾಡಿ ತೋರಸು ಬೇ," ಎಂದು ಅವರು ಹೆಂಡತಿಯನ್ನು ಕೂಗಿದರು.

ಗುರುಶಾಂತಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಜಮಖಾನೆ ಹಾಸಿದರು, ಸೀರೆಯ ನಿರಿಗೆಯನ್ನು ಕಾಲ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡರು. ಮಲಗಿ, ಮೊಣಕಾಲು ಮಡಚಿ, ಉಸಿರು ಬಿಡುತ್ತ ಸೊಂಟ ಎತ್ತಿದರು. ನಾನು ತೋರಿಸಿದ್ದರಲ್ಲಿ ಒಂದನ್ನೂ ಮರೆತಿರಲಿಲ್ಲ. ಸಾವ್ಕಾರರು ಮಂಚದ ಮೇಲಿನಿಂದ ನೋಡುತ್ತ, ತಾವೇ ಮಾಡುತ್ತಿರುವವರಂತೆ ನಿಟ್ಟುಸಿರು ಬಿಟ್ಟರು.

ನನಗೆ ನಗು ಬಂತು. ಅವರ ಮುಖ ನೋಡಿದೆ. ಅವರು ನಗುತ್ತಿರಲಿಲ್ಲ.

"ಇವ್ರು ಯಾಕ ಮಾಡಾಕತ್ತಾರ್ರಿ?"

"ನನ್ನ ಸಲುವಾಗಿ."

"ಸಾವ್ಕಾರ್ರ, ಊಟ ಅವ್ರು ಮಾಡಿದ್ರ ನಿಮ್ಮ ಹೊಟ್ಟಿ ತುಂಬ್ತದೇನ್ರಿ?"

"ಊಟದ ಮಾತು ಬ್ಯಾರೆ," ಎಂದರು, ದಡ್ಡ ಹುಡುಗಿಗೆ ಲೆಕ್ಕ ಹೇಳಿಕೊಡುವವರಂತೆ. "ನನ್ನ ಬಿಪಿ ಇಳೀಲಿ ಅಂತ ಐದು ವರ್ಷದಿಂದ ಆಕಿ ಉಪ್ಪು ಬಿಟ್ಟಾಳ. ಇಳದದೋ ಇಲ್ಲೋ ಕೇಳು ನಿಮ್ಮ ಡಾಕ್ಟರಿಗಿ."

"ನೀವು ಗುಳಗಿ ತಗೋತೀರಲ್ರಿ?"

"ಗುಳಗೀನೂ ತಗೋತೇನಿ."

ಇದಕ್ಕೆ ಏನು ಹೇಳುತ್ತೀರಿ? ಹೆಂಡತಿ ಸೋಮವಾರ ಒಪ್ಪತ್ತು ಮಾಡಿದರೆ ಅದರ ಫಲ ಗಂಡನಿಗೆ. ಮೊಸರು ಬಿಟ್ಟರೆ ಗಂಡನ ಕೆಮ್ಮಿಗೆ. ಬರಿಗಾಲಲ್ಲಿ ಗುಡ್ಡ ಹತ್ತಿದರೆ ಗಂಡನ ವ್ಯಾಪಾರಕ್ಕೆ. ನಲವತ್ತು ವರ್ಷ ಹೀಗೆ ಕೂತಲ್ಲಿಗೇ ಫಲ ಬಂದು ಬೀಳುತ್ತಿದ್ದ ಮನುಷ್ಯ, ತನ್ನ ಸ್ನಾಯು ತಾನೇ ದುಡಿಯಬೇಕು ಎಂದರೆ ನಂಬುವುದಾದರೂ ಹೇಗೆ?

ಹೊರಡುವಾಗ ಗುರುಶಾಂತಮ್ಮ ನನ್ನ ಹಿಂದೆಯೇ ಪಡಸಾಲೆಯವರೆಗೆ ಬಂದರು. ದನಿ ಇಳಿಸಿ ಹೇಳಿದರು. "ಯವ್ವಾ, ಇದನ್ನ ನಿಲ್ಲಸ್ರಿ ಅಂತ ಅವ್ರಿಗಿ ಹೇಳಬ್ಯಾಡ. ಈ ಮನಿಗಿ ಬಂದಾಗಿಂದ, ಬಾಣಂತನ ಬಿಟ್ರ, ಹಗಲೊತ್ತಿನಾಗ ನಾ ನೆಲಕ್ಕ ಬೆನ್ನು ಹಚ್ಚಿದ್ದಿಲ್ಲ. ಈಗ ಅವ್ರೇ ಹುಕುಂ ಮಾಡ್ಯಾರ, ಮಕ್ಕೋ ಅಂತ. ಒಂದು ತಾಸು ನನ್ನ ಯಾರೂ ಕರಿಯಂಗಿಲ್ಲ. ನೋಡಿಲ್ಲಿ, ಕುತ್ತಿಗಿ ತಿರಗಾಕತ್ತದ." ತಲೆಯನ್ನು ಸ್ವಲ್ಪ ಬಲಕ್ಕೆ, ಸ್ವಲ್ಪ ಎಡಕ್ಕೆ ತಿರುಗಿಸಿದರು. ಹೊಸ ಬೆಂಡೋಲೆ ತೋರಿಸುವ ಹುಡುಗಿಯ ಹಾಗಿತ್ತು ಆ ಮುಖ.

"ಮತ್ತ ಅವ್ರು ನಡೆಯೋದು ಬ್ಯಾಡೇನ್ರಿ?"

"ನಡೀಲಿ ಅಂತ ದಿನಾ ಬೇಡ್ಕೋತೇನಿ. ಆದ್ರ ಲಗೂ, ನಾಳಿಗೇ ನಡೀಲಿ ಅಂತ ಬೇಡ್ಕೊಳ್ಳಾಕ ಮನಸ್ಸೇ ಬರವಲ್ದು."

ಆ ಮಾತು ಕೇಳಿದ ಮೇಲೆ ಬಸ್‌ಸ್ಟ್ಯಾಂಡಿನ ಮಂದಿ ಏನು ಮಾತಾಡುತ್ತಾರೆ ಎಂಬುದು ಅವತ್ತಿಗೆ ಮರೆತುಹೋಯಿತು. ಆ ಮನೆಗೆ ಹೋಗುತ್ತಲೇ ಇರಬೇಕು, ಈಕೆಯ ಸಲುವಾಗಿ ಹೋಗಬೇಕು ಎಂದುಕೊಂಡೆ.

ಮುಂದಿನ ಸಲ ಉಪಾಯ ಮಾಡಿ ಸಾವ್ಕಾರರಿಗೆ ಹೇಳಿದೆ. ಬರೀ ಕಸರತ್ತು ಅರ್ಧ ಮಾತ್ರ, ಕೈ ಹಚ್ಚಿ ಕೀಲು ಸಡಿಲಿಸದೆ ಪೂರ್ತಿಯಾಗುವುದಿಲ್ಲ ಎಂದೆ. ಅವರು ಒಮ್ಮೆ ನನ್ನ ಕೈ ನೋಡಿದರು, ಒಮ್ಮೆ ಹೆಂಡತಿಯನ್ನು ನೋಡಿದರು. ಕೊನೆಗೆ, "ಆಕಿಗಿ ಹಚ್ಚು," ಎಂದರು. ನನ್ನ ಕೈ ಹೆಂಡತಿಯ ಬೆನ್ನು ಮುಟ್ಟಿದರೆ ಅದರ ಮೈಲಿಗೆ ಹೆಂಡತಿಯಲ್ಲೇ ಉಳಿಯುತ್ತದೆ, ಗುಣ ಮಾತ್ರ ಹಾರಿ ಮಂಚಕ್ಕೆ ಬರುತ್ತದೆ. ಇಂಥ ಜರಡಿ ಹಿಡಿಯಲು ವ್ಯಾಪಾರಿಯೇ ಆಗಿರಬೇಕು.

ಹೀಗೆ ಆ ಮನೆಯಲ್ಲಿ ಎರಡೂ ಅರ್ಧಗಳು ಕೂಡಿದ್ದು ಗುರುಶಾಂತಮ್ಮನ ಮೈಯಲ್ಲಿ. ನೆಲದ ಒಲೆಯ ಮುಂದೆ ಬಗ್ಗಿ ಬಗ್ಗಿ ಕಲ್ಲಾಗಿದ್ದ ಬೆನ್ನು ನನ್ನ ಬೆರಳಿಗೆ ಬಿಟ್ಟುಕೊಡತೊಡಗಿತು. ದೀಪಾವಳಿಗೆ ಅವರು ಗೋಡೆ ಹಿಡಿಯದೆ ಎದ್ದರು. ಎಳ್ಳಮಾವಾಸ್ಯೆಗೆ ನೇರ ನಿಂತರು, ನನಗಿಂತ ಎತ್ತರ ಇದ್ದಾರೆಂದು ಆಗ ಗೊತ್ತಾಯಿತು. ಇತ್ತ ಸಾವ್ಕಾರರ ತೊಡೆ ದಿನದಿನಕ್ಕೆ ಸೊರಗಿತು. ಅವರನ್ನು ಎತ್ತಿ ಕೂರಿಸಲು ಆಳು ಮಲ್ಕಪ್ಪ ಬೇಕು, ಮಗ್ಗಲಾಗಿಸಲು ಮಲ್ಕಪ್ಪ ಬೇಕು. ಪ್ರತಿ ಸಲವೂ ನಾನು, "ನೀವೇ ಮಾಡಬೇಕ್ರಿ," ಎಂದು ಹೇಳುತ್ತಿದ್ದೆ. ಅವರು ಪ್ರತಿ ಸಲವೂ ಹೆಂಡತಿ ಭಕ್ತಿಯಿಂದ ಮಾಡುತ್ತಿಲ್ಲ ಎನ್ನುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ತೊಗರಿ ಹಂಗಾಮು ಶುರುವಾಯಿತು. ಅಂಗಡಿಯ ಗಾದಿಯ ಮೇಲೆ ಸಾವ್ಕಾರರ ತಮ್ಮ ದೌಲತರಾಯ ಕೂತಿದ್ದಾನೆ, ಅಣ್ಣನ ಲೋಡು ದಿಂಬಿಗೇ ಒರಗಿದ್ದಾನೆ ಎಂಬ ಸುದ್ದಿ ಮನೆಗೆ ಬಂತು. ಸಾವ್ಕಾರರಿಗೆ ಅದಕ್ಕಿಂತ ದೊಡ್ಡ ರೋಗ ಇರಲಿಲ್ಲ. ನಾನು ಹೋದಾಗ ಗುರುಶಾಂತಮ್ಮ ಜಮಖಾನೆಯ ಮೇಲೆ ಬೋರಲಾಗಿ ಮಲಗಿದ್ದರು. ನಾನು ಪಕ್ಕದಲ್ಲಿ ಮೊಣಕಾಲೂರಿ ನಿಂತು ಬೆನ್ನಿಗೆ ಕೈ ಹಚ್ಚಿದೆ. ಸಾವ್ಕಾರರು ಮಂಚದ ಮೇಲಿನಿಂದ ನೋಡುತ್ತಿದ್ದವರು ಒಮ್ಮೆಲೇ ಸಿಡಿದರು.

"ನಿಲ್ಸು! ನನ್ನ ಗುಣ ಎಲ್ಲಾ ನೀನೇ ನುಂಗಾಕತ್ತಿ. ಮಾಡೋದು ನನ್ನ ಹೆಸರಲೆ, ಮೈ ತುಂಬಸ್ಕೊಳ್ಳೋದು ನೀ. ಸಾಕು ಇವತ್ತಿಗಿ. ಸುತ್ತಿಡು ಜಮಖಾನಿ!"

ನನ್ನ ಅಂಗೈ ಕೆಳಗೆ ಗುರುಶಾಂತಮ್ಮನ ಬೆನ್ನು ಬಿಗಿಯಾಯಿತು. ನಲವತ್ತು ವರ್ಷದ ರೂಢಿ, ಕರೆದ ಕೂಡಲೇ ಏಳುವುದು. ನಾನು ಕೈ ತೆಗೆಯಲಿಲ್ಲ, ಒತ್ತಲೂ ಇಲ್ಲ. ಏಳಬೇಡಿ ಎಂದು ಹೇಳಲು ನಾಲಿಗೆ ತುರಿಸುತ್ತಿತ್ತು. ಆದರೆ ಅದು ನಾನು ಆಡುವ ಮಾತಾಗಿರಲಿಲ್ಲ. ಒಂದು ಗಳಿಗೆಯ ಮೇಲೆ ಆ ಬೆನ್ನು ತಾನಾಗಿಯೇ ಸಡಿಲಾಯಿತು.

"ನಂದಿನ್ನಾ ಮುಗದಿಲ್ರಿ," ಎಂದರು ಗುರುಶಾಂತಮ್ಮ.

"ಏನಂದಿ?"

"ಮುಗದಿಲ್ಲ ಅಂದ್ನಿ."

ಸಾವ್ಕಾರರು ಮಾತು ಬದಲಿಸಿ, "ಚಹಾ ತಾ ಮದಲ," ಎಂದು ಗದರಿದರು.

"ಒಲಿ ಮ್ಯಾಲ ಅದ. ಎದ್ದು ತಗೋರಿ. ಎಲುಬು ಕೂಡ್ಯದ ಅಂತ ಡಾಕ್ಟರಬಾಯಿ ಹೇಳ್ಯಾಳಲ್ಲ."

ಸಾವ್ಕಾರರು ಮಲ್ಕಪ್ಪನನ್ನು ಕೂಗಿದರು. ಮಲ್ಕಪ್ಪ ಗೋದಾಮಿನಲ್ಲಿ ಚೀಲ ಇಳಿಸುತ್ತಿದ್ದ. ಮತ್ತೆ ಕೂಗಿದರು, ಹೆಂಡತಿಯ ತವರನ್ನು ಬೈದರು, ನನ್ನ ಓಣಿಯನ್ನು ಬೈದರು. ನಾವಿಬ್ಬರೂ ನಮ್ಮ ಕೆಲಸ ಬಿಡಲಿಲ್ಲ. ಬೈಗುಳ ತೀರಿತು. ಆಮೇಲೆ ಮಂಚ ಕಿರುಗುಟ್ಟಿತು, ವಾಕರ್ ಮೇಲಿನ ಧೋತರ ಕೆಳಗೆ ಬಿತ್ತು.

ಸಾವ್ಕಾರರು ಎದ್ದು ನಿಂತಿದ್ದರು. ಕಾಲು ಗಡಗಡ ನಡುಗುತ್ತಿತ್ತು. ವಾಕರ್ ನೂಕುತ್ತ ನಮ್ಮನ್ನು ದಾಟುವಾಗ ಅವರು ಒಂದು ಕಡೆ ವಾಲಿದರು, ವಾಕರ್ ಬಿಟ್ಟ ಕೈ ನನ್ನ ಹೆಗಲಿಗೆ ಬಂದು ಗಟ್ಟಿಯಾಗಿ ಕೂತಿತು. ನನ್ನ ಊರು, ಓಣಿ, ಅವ್ವನ ಹೆಸರು ಯಾವುದೂ ಅವರಿಗೆ ನೆನಪಿದ್ದಂತಿರಲಿಲ್ಲ.

"ಹಿಡ್ಕೋ ಬೇ, ಹಿಡ್ಕೋ," ಎಂದರು.

ಗೋಡೆ ಅವರ ಇನ್ನೊಂದು ಪಕ್ಕದಲ್ಲೇ ಇತ್ತು. ಬೀಳುವ ಹಾಗಿರಲಿಲ್ಲ, ಅದು ನನಗೆ ಗೊತ್ತಿತ್ತು.

"ಗೋಡೆ ಹಿಡೀರಿ ಸಾವ್ಕಾರ್ರ," ಎಂದೆ. "ನನ್ನ ಕೈ ನಿಮ್ಮ ಮನಿಯವ್ರ ಬೆನ್ನ ಮ್ಯಾಲ ಅವ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಹೆಗಲ ಮೇಲಿನ ಕೈ ಸರಿಯಿತು. ಗೋಡೆಗೆ ಅಂಗೈ ಊರಿ, ವಾಕರ್ ನೂಕಿ, ಕಾಲೆಳೆಯುತ್ತ ಅಡುಗೆಮನೆಯ ಹೊಸ್ತಿಲು ದಾಟಿದರು. ಒಳಗೆ ಪಾತ್ರೆಗಳು ಉರುಳಿದ ಸದ್ದಾಯಿತು.

"ಸಕ್ರಿ ಡಬ್ಬಿ ಎಲ್ಲಿ ಇಟ್ಟೀದಿ?" ಎಂದು ಅಲ್ಲಿಂದ ಕೂಗು ಬಂತು.

ಗುರುಶಾಂತಮ್ಮ ಕುತ್ತಿಗೆಯನ್ನಷ್ಟೇ ನನ್ನ ಕಡೆ ತಿರುಗಿಸಿದರು. "ಇನ್ನೊಂದು ಮಗ್ಗಲು ಮಾಡೋಣೇನವ್ವಾ?" ಎಂದು ನನ್ನನ್ನು ಕೇಳಿದರು.