ಹಳದಿ ಗೆರೆ

ರಬ್ಬರ್ ನಳಿಕೆಯ ಒಂದು ತುದಿಯನ್ನು ಕಿವಿಗಿಟ್ಟುಕೊಂಡು, ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೆ ಹಿಡಿದು ಅಕ್ಕ ಕಣ್ಣು ಮುಚ್ಚಿಕೊಂಡಳು. ಎಂಜಿನ್ ಗಾಳಿ ಎಳೆದುಕೊಳ್ಳುವ ಸದ್ದು ಹಿಸ್ಸೆಂದು ಕೇಳಿಸಿತು. ನಳಿಕೆಯನ್ನು ಪಕ್ಕದ ಕಾರ್ಬ್ಯುರೇಟರಿಗೆ ಒಯ್ದಳು. ಇಲ್ಲಿ ಸದ್ದು ಕೂದಲೆಳೆಯಷ್ಟು ತೆಳು. ಸ್ಕ್ರೂವನ್ನು ಒಂಚೂರೇ ತಿರುಗಿಸಿ ಮತ್ತೆ ಕಿವಿಗೊಟ್ಟಳು. ಎರಡೂ ಒಂದೇ ಶ್ರುತಿಗೆ ಬಂದ ಮೇಲೆ ನಳಿಕೆಯನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡಳು.

"ಏನ್ ಡಾಕ್ಟ್ರಮ್ಮಾ, ಮುದುಕಿಗೆ ಕೆಮ್ಮು ಗಿಮ್ಮು ಏನೂ ಇಲ್ಲ ತಾನೆ?" ಎಂದ ಸೀಟಿನಲ್ಲಿ ಕೂತಿದ್ದ ತಮ್ಮ.

"ಮುದುಕಿ ಗಟ್ಟಿಮುಟ್ಟಾಗಿದ್ದಾಳೆ. ಓಡಿಸೋನ ತಲೆ ಒಂದು ನೆಟ್ಟಗಿದ್ರೆ ಸಾಕು."

ಮುದುಕಿ ಎಂದರೆ ಆ ಕಾರೇ. ಮೇಲೆ ಸೂರಿಲ್ಲದ, ಇಬ್ಬರು ಕೂರುವ, ನೆಲಕ್ಕೆ ಅಂಟಿದಂತಿರುವ ಹಳೆಯ ಸ್ಪೋರ್ಟ್ಸ್ ಕಾರು. ಅಪ್ಪ ಹರೆಯದಲ್ಲಿ ಇದೇ ಟ್ರ್ಯಾಕಿನಲ್ಲಿ ಓಡಿಸಿದ್ದ. ಆಮೇಲೆ ಸಂಸಾರ ಬಂತು, ಕಾರಿಗೆ ಟಾರ್ಪಾಲು ಹೊದಿಸಿದ್ದಾಯಿತು. ಈಗ ಅಕ್ಕ ಅದನ್ನು ಬೋಲ್ಟು ಬೋಲ್ಟಾಗಿ ಬಿಚ್ಚಿ, ತೊಳೆದು, ಸವೆದದ್ದನ್ನು ಬದಲಾಯಿಸಿ ಮತ್ತೆ ಕಟ್ಟಿದ್ದಳು. ಮನೆಯ ಹಿಂದಿನ ಷೆಡ್ಡೇ ಅವಳ ಗ್ಯಾರೇಜು. ಅಲ್ಲಿ ಅವಳ ಮಾತೇ ಮಾತು.

ತಮ್ಮನನ್ನು ಟ್ರ್ಯಾಕಿನವರೆಲ್ಲ ಗಾಳಿ ಎಂದು ಕರೆಯುತ್ತಿದ್ದರು. ಚಿಕ್ಕಂದಿನಿಂದಲೂ ನಿಂತಲ್ಲಿ ನಿಲ್ಲದವನು. ಅವನು ಹೆಲ್ಮೆಟ್ ಹಾಕಿಕೊಳ್ಳುತ್ತ, "ಅಕ್ಕಾ, ಒಂದು ಮಾತು. ಇವತ್ತು ಆ ಬೋರ್ಡು ಹಿಡ್ಕೊಂಡು ಓಡಿಸೋದು ಬಿಟ್ಟು ಒಳಗೆ ಬಾ ಅಂತ ನನ್ನ ಕರೀಬೇಡ" ಎಂದ.

"ಕರೆಯೋ ಹಾಗಿದ್ರೆ ಕರೀತೀನಿ."

"ಹೋದ ಸಲ ಕರೆದ್ಯಲ್ಲ, ಯಾತಕ್ಕೆ? ಕನ್ನಡಿ ಅಲ್ಲಾಡ್ತಿತ್ತು ಅಂತ. ಕನ್ನಡಿ! ಅಷ್ಟರಲ್ಲಿ ಎಲ್ಲರೂ ನನ್ನ ಮುಂದೆ ಹೋಗಿದ್ರು. ಇವತ್ತು ಕರೆದ್ರೆ ನಾನು ನೋಡೋದೇ ಇಲ್ಲ, ಆಮೇಲೆ ಬೇಜಾರು ಮಾಡ್ಕೋಬೇಡ."

ಟ್ರ್ಯಾಕಿನ ಅಂಚಿಗೆ ಕಾರುಗಳು ಬಂದು ನಿಲ್ಲುವ ಪಿಟ್ಟಿನಲ್ಲಿ ಪಕ್ಕದ ಷೆಡ್ಡಿನ ಟೈರಿನವರು ಇದನ್ನು ಕೇಳಿ ಕಿಸಕ್ಕನೆ ನಕ್ಕರು. ಅವರು ಎಲ್ಲರ ಕಾರಿಗೂ ಟೈರು ಹಾಕಿಕೊಡುವವರು. ಎಲ್ಲರ ಮಾತಿಗೂ ಬಾಯಿ ಹಾಕುವವರು. "ಅಕ್ಕನೋರೇ, ಅವನಿಗೆ ಬೋರ್ಡು ಬೇಡ, ಒಂದು ಹಗ್ಗ ಕಟ್ಟಿ ಬಿಡಿ. ಬೇಕಾದಾಗ ಎಳ್ಕೊಬಹುದು."

ಅಪ್ಪನೂ ನಕ್ಕ. ಅವನು ಟೈರಿನವರೇ ತಂದುಕೊಟ್ಟ ಮಡಚುವ ಕುರ್ಚಿಯಲ್ಲಿ ನೆರಳಿಗೆ ಕೂತಿದ್ದ. ಬಿಸಿಲು ಜರುಗಿದಂತೆಲ್ಲ ಅವರು ಮಾತಾಡುತ್ತಲೇ ಬಂದು, ಅಪ್ಪ ಏಳುವ ಮೊದಲೇ ಕುರ್ಚಿಯ ಹಿಂದೆ ಒಂದು ತಗಡನ್ನು ಆನಿಸಿ ನೆರಳು ಮಾಡಿ ಹೋಗಿದ್ದರು. ಅಪ್ಪನ ಕೈಗಳಲ್ಲಿ ಈಗ ಬಲವಿಲ್ಲ. ಸ್ಪ್ಯಾನರ್ ಹಿಡಿದರೆ ಜಾರುತ್ತದೆ. ಗ್ಯಾರೇಜಿಗೆ ಬಂದು ಕೂರುತ್ತಾನೆ, ಕೇಳಿದರೆ ಹೇಳುತ್ತಾನೆ, ಕೇಳದಿದ್ದರೆ ಸುಮ್ಮನಿರುತ್ತಾನೆ. ಓಡಿಸುವವನ ವಿಷಯದಲ್ಲಂತೂ ಅವನು ಬಾಯಿ ಬಿಡುವವನೇ ಅಲ್ಲ. ಸ್ಟಿಯರಿಂಗ್ ಯಾರ ಕೈಯಲ್ಲಿದೆಯೋ ತೀರ್ಮಾನ ಅವರದು ಎನ್ನುವುದು ಅವನ ಹಟ.

ಬಾವುಟ ಬೀಸಿದರು. ಇವು ರೇಸಿಗೆ ಮುಂಚಿನ ಸುತ್ತುಗಳು. ಯಾರು ಎಷ್ಟು ಬೇಗ ಸುತ್ತುತ್ತಾರೋ ಮಧ್ಯಾಹ್ನದ ರೇಸಿನಲ್ಲಿ ಅವರು ಅಷ್ಟು ಮುಂದೆ ನಿಲ್ಲುತ್ತಾರೆ. ಗಾಳಿ ಗೇರು ಹಾಕಿದ. ಮುದುಕಿ ಗಂಟಲು ಸರಿ ಮಾಡಿಕೊಂಡವಳಂತೆ ಒಮ್ಮೆ ಗುಟುರು ಹಾಕಿ ಹೊರಟಳು.

ಮೊದಲ ಸುತ್ತು ಟೈರು ಬಿಸಿ ಮಾಡಿಕೊಳ್ಳುವುದಕ್ಕೆ. ಅವನು ನಿಧಾನವಾಗಿಯೇ ಹೋದ. ಎಂಜಿನ್ನಿನ ದನಿ ತೊಡಕಿಲ್ಲದೆ ಹರಿಯುತ್ತಿತ್ತು. ಅಕ್ಕ ಸಮಾಧಾನಗೊಂಡು ಅಪ್ಪನ ಕಡೆ ತಿರುಗಿದಳು. ಅವನ ಬಲಗೈಯ ಉಗುರುಗಳ ಸಂದಿಯಲ್ಲಿ ಏನೋ ಹಳದಿ ಅಂಟಿತ್ತು. ಅವಳು ಪೆಟ್ರೋಲಿನಲ್ಲಿ ಬಟ್ಟೆಯ ತುದಿಯನ್ನು ಅದ್ದಿಕೊಂಡು ಬಂದು ಅವನ ಮುಂದೆ ಮಂಡಿಯೂರಿ ಕೂತಳು.

"ಕೊಡಪ್ಪ ಕೈ. ಇದೇನು, ಮಗು ಥರ ಬಣ್ಣ ಮೆತ್ಕೊಂಡಿದ್ದೀಯ?"

"ಅಯ್ಯೋ, ಅದಾ?" ಅಪ್ಪನ ಮುಖ ಅರಳಿತು. "ನಿನ್ನೆ ನೀನು ಬ್ರೇಕ್ ಎಣ್ಣೆ ತರೋಕೆ ಹೋಗಿದ್ಯಲ್ಲ, ಆವಾಗ ಕೂತು ಎಲ್ಲಾ ಗೆರೆನೂ ಹೊಸದಾಗಿ ಎಳೆದೆ. ನೀನು ಎಳೆದಿದ್ದೆಲ್ಲ ಅಳಿಸಿ ಅಳಿಸಿ ಹೋಗಿತ್ತು. ತಪಾಸಣೆಯವರು ನೋಡೋವಾಗ ಅಚ್ಚುಕಟ್ಟಾಗಿರ್ಲಿ ಅಂತ. ಸ್ಪ್ಯಾನರ್ ಹಿಡಿಯಕ್ಕಾಗಲ್ಲ, ಕುಂಚ ಹಿಡಿಯಕ್ಕೇನು ಧಾಡಿ?"

ಅಕ್ಕನ ಕೈ ನಿಂತುಹೋಯಿತು.

ಅವಳ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಇತ್ತು. ಬೋಲ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿಸಬೇಕು. ಬೇಕಾದಷ್ಟು ಬಿಗಿಯಾಗಿ ರೆಂಚು ಟಕ್ಕೆಂದ ಮೇಲೆ, ಅದೇ ಗಳಿಗೆಯಲ್ಲಿ, ನಟ್ಟಿನ ಮೇಲಿಂದ ಪಕ್ಕದ ಲೋಹದವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ. ಗೆರೆ ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಆಗಿಲ್ಲ. ಓಡಿದ ಮೇಲೆ ಗೆರೆ ಮುರಿದಿದ್ದರೆ ನಟ್ಟು ಸಡಿಲಾಗಿದೆ ಎಂದರ್ಥ. ಬಿಗಿಸಿದ ಕೈಯೇ ಗೆರೆ ಎಳೆಯಬೇಕು. ಬೇರೆಯವರು ಎಳೆಯುವಂತಿಲ್ಲ ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಮಾತು ಎಂದು ಅವಳಿಗೆ ಹೊಳೆದೇ ಇರಲಿಲ್ಲ. ಬಿಗಿಸುವವಳೂ ಗೆರೆ ಎಳೆಯುವವಳೂ ಅವಳೊಬ್ಬಳೇ ಆಗಿದ್ದಳಲ್ಲ.

"ಅಪ್ಪಾ," ಎಂದಳು ಮೆಲ್ಲಗೆ, "ಇದ್ದ ಗೆರೆ ಮೇಲೇ ಎಳೆದೆಯಾ? ಅಥವಾ ಗೆರೆ ಇಲ್ಲದ್ದಕ್ಕೂ..."

"ಇದ್ದದ್ದರ ಮೇಲೇನೇ. ಒಂದೇ ಒಂದು ನೀನು ಮರ್ತಿದ್ದೆ ನೋಡು. ಮುಂದಿನ ಎಡ ಚಕ್ರದ್ದು, ಮೇಲಿನ ತೋಳಿನ ಬೋಲ್ಟು. ಅದಕ್ಕೂ ಹಚ್ಚಿದೆ."

ಅವಳು ಟ್ರ್ಯಾಕಿನ ಕಡೆ ತಿರುಗಿ ನೋಡಿದಳು.

ಮರೆತಿರಲಿಲ್ಲ. ಬೇಕೆಂದೇ ಬಿಟ್ಟಿದ್ದಳು. ಚಕ್ರವನ್ನು ಕಾರಿಗೆ ಹಿಡಿದಿಡುವ ಆ ತೋಳಿನಲ್ಲಿ, ಬೋಲ್ಟು ಹಾಯುವ ಕಡೆ, ಬುಷ್ ಎನ್ನುವ ರಬ್ಬರ್ ಕೊಳವೆ ಇದೆ. ಕಾರು ಜಾಕಿನ ಮೇಲಿದ್ದು ಚಕ್ರ ತೂಗಾಡುತ್ತಿರುವಾಗ ಬಿಗಿಸಿದರೆ, ಕೆಳಗಿಳಿಸಿದ ಮೇಲೆ ರಬ್ಬರ್ ತಿರುಚಿಕೊಂಡು ಹರಿಯುತ್ತದೆ. ಕಾರನ್ನು ನೆಲಕ್ಕಿಳಿಸಿ, ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೇ ಬಿಗಿಸಬೇಕು. ಅದಕ್ಕೆಂದೇ ನಟ್ಟನ್ನು ಬೆರಳಲ್ಲಿ ಹತ್ತಿಸಿ, ಗೆರೆ ಎಳೆಯದೆ, ಬ್ರೇಕ್ ಎಣ್ಣೆ ತರಲು ಹೋಗಿದ್ದಳು. ಬಂದು ಕಾರು ಇಳಿಸಿದಳು, ಬಗ್ಗಿ ನೋಡಿದಳು. ಎಲ್ಲೆಲ್ಲೂ ಹಳದಿ ಗೆರೆ. ಸರಿ, ಮುಗಿಸಿಯೇ ಹೋಗಿದ್ದೆ ಎಂದುಕೊಂಡು ಸ್ಪ್ಯಾನರ್ ಪೆಟ್ಟಿಗೆ ಮುಚ್ಚಿದ್ದಳು. ತನ್ನ ನೆನಪಿಗಿಂತ ಗೆರೆಯನ್ನೇ ಹೆಚ್ಚು ನಂಬುವುದು ಅವಳಿಗೆ ರೂಢಿಯಾಗಿಹೋಗಿತ್ತು. ಬೆಳಿಗ್ಗೆ ತಪಾಸಣೆಯವರು ಕೂಡ ಅದೇ ಗೆರೆಗಳನ್ನು ನೋಡಿ, "ಇಷ್ಟು ಶಿಸ್ತಾಗಿ ಕಟ್ಟಿದ ಕಾರು ಅಪರೂಪ" ಎಂದು ತಲೆದೂಗಿದ್ದರು.

ಬಟ್ಟೆಯನ್ನು ಅಲ್ಲೇ ಬಿಟ್ಟು ಅವಳು ಎದ್ದಳು. ಮುದುಕಿ ಮೊದಲ ಸುತ್ತು ಮುಗಿಸಿ ಪಿಟ್ಟಿನ ಗೋಡೆಯ ಮುಂದೆ ಭರ್ರೆಂದು ಹಾದು ಹೋದಳು. ಗಾಳಿ ಈಗ ಪೂರ್ತಿ ವೇಗ ಹಾಕಿದ್ದ.

"ಏನಾಯ್ತೇ?" ಎಂದ ಅಪ್ಪ.

"ಆ ಬೋಲ್ಟು ಬಿಗಿಸಿಲ್ಲಪ್ಪ."

ಅಷ್ಟು ಹೇಳಿ ಅವಳು ಗೋಡೆಯ ಬಳಿ ನಿಂತಿದ್ದ ಬಾವುಟದವರ ಕಡೆ ಓಡಿದಳು. "ಹಳೇ ಹಸಿರು ಕಾರು, ಅದನ್ನ ನಿಲ್ಲಿಸಿ! ಚಕ್ರ ಕಳಚಬಹುದು."

ಬಾವುಟದವರು ಗಡಿಬಿಡಿಗೊಂಡರು. "ಕಪ್ಪು ಬಾವುಟ ನಾನಾಗಿ ತೋರಿಸೋ ಹಾಗಿಲ್ಲಮ್ಮ, ಮೇಲಿನ ಗೋಪುರದಿಂದ ಹೇಳಬೇಕು. ತೋರಿಸಿದ್ರೆ ಇವತ್ತಿನ ರೇಸಿಂದಾನೇ ಹೊರಗೆ, ಗೊತ್ತಲ್ಲ?"

"ಹೊರಗೆ ಹಾಕಿ. ಕೇಳಿ ಬೇಗ."

ಅವರು ವಾಕಿಟಾಕಿಯನ್ನು ಬಾಯಿಗೆ ಹಿಡಿದರು. ಗೊರಗೊರ ಸದ್ದು ಬಂತು, ಯಾರೋ ಏನೋ ಕೇಳಿದರು, ಅವರು ಕಾರಿನ ನಂಬರು ಹೇಳಿದರು, ಮತ್ತೆ ಗೊರಗೊರ. ಅಕ್ಕ ಕಾಯಲಿಲ್ಲ. ಬೋರ್ಡು ಎತ್ತಿಕೊಂಡಳು. ಅದರ ಮೇಲೆ ಒಳಗೆ ಬಾ ಎನ್ನುವ ಬಾಣದ ಗುರುತನ್ನು ಸಿಕ್ಕಿಸಿ ಗೋಡೆಯಾಚೆಗೆ ಚಾಚಿ ಹಿಡಿದಳು.

ಟ್ರ್ಯಾಕಿನ ಕೊನೆಗೆ ಉದ್ದನೆಯ ಒಂದು ಬಲ ತಿರುವಿದೆ. ಅಲ್ಲಿ ಕಾರಿನ ಭಾರವೆಲ್ಲ ವಾಲಿಕೊಂಡು ಬಂದು ಮುಂದಿನ ಎಡ ಚಕ್ರದ ಮೇಲೆ ಕೂರುತ್ತದೆ. ನಟ್ಟು ಉದುರಿದರೆ ಬೋಲ್ಟು ಜಾರುತ್ತದೆ, ಬೋಲ್ಟು ಜಾರಿದರೆ ತೋಳು ಕಳಚುತ್ತದೆ. ಆಮೇಲೆ ಸ್ಟಿಯರಿಂಗ್ ಹಿಡಿದವನು ಎಷ್ಟು ಜಾಣನಾದರೇನು? ಅವಳು ಆ ತಿರುವಿನ ಕಡೆ ಕಣ್ಣು ನೆಟ್ಟು ನಿಂತಳು.

ಹಸಿರು ಕಂಡಿತು. ತಿರುವಿನಲ್ಲಿ ಕಾರಿನ ಮೂತಿ ಒಮ್ಮೆ ಅದುರಿದಂತಾಯಿತು. ನಿಜಕ್ಕೂ ಅದುರಿತೋ ತನ್ನ ಕಣ್ಣೇ ಅದುರಿತೋ ತಿಳಿಯಲಿಲ್ಲ. ಕಾರು ನೆಟ್ಟಗಾಯಿತು, ಹತ್ತಿರ ಬಂತು. ಅವಳು ಬೋರ್ಡನ್ನು ಎರಡೂ ಕೈಯಲ್ಲಿ ಮೇಲೆ ಕೆಳಗೆ ಆಡಿಸಿದಳು. ಗಾಳಿ ನೋಡಿದ. ನೋಡಿ, ಬೆರಳೆತ್ತಿ ಇಲ್ಲ ಎಂಬಂತೆ ಆಡಿಸಿ, ವೇಗ ಇಳಿಸದೆ ಹೋಗಿಬಿಟ್ಟ.

"ಅಯ್ಯೋ ಕಪಿ ಮುಂಡೇದೇ!" ಎಂದರು ಟೈರಿನವರು. ಅವರ ದನಿಯಲ್ಲಿ ಈಗ ನಗೆ ಇರಲಿಲ್ಲ.

"ಗೋಪುರದೋರು ಏನಂದ್ರು?" ಅಕ್ಕ ಕೂಗಿದಳು.

"ಅವರ ಮುಖ್ಯಸ್ಥರನ್ನ ಕರೀತಿದ್ದಾರಂತೆ, ತಡೀರಿ, ತಡೀರಿ..."

ಆಗ ಬೋರ್ಡಿನ ಹಿಡಿಯ ಮೇಲೆ ಇನ್ನೊಂದು ಕೈ ಬಂತು. ಉಗುರಿನಲ್ಲಿ ಅರ್ಧ ಒರೆಸಿದ ಹಳದಿ.

"ನನಗೆ ಕೊಡು," ಎಂದ ಅಪ್ಪ.

"ನಿನ್ನ ಕೈಲಿ ಹಿಡಿಯಕ್ಕಾಗಲ್ಲಪ್ಪ."

"ಕೊಡು. ನೀನು ಕರೆದ್ರೆ ಅವನಿಗೆ ಕನ್ನಡಿ ನೆನಪಾಗುತ್ತೆ. ನಾನು ಹುಟ್ಟಿದಾಗಿಂದ ಯಾರನ್ನೂ ಒಳಗೆ ಕರೆದವನಲ್ಲ. ನನ್ನ ನೋಡಿದ್ರೆ ಅವನಿಗೆ ದಿಗಿಲಾಗ್ಲಿ."

ಬೋರ್ಡು ಅವನ ಕೈಯಲ್ಲಿ ನಡುಗಿತು. ಟೈರಿನವರು ಬಂದು ಹಿಂದೆ ನಿಂತು, ಅಪ್ಪನ ಎರಡು ಮೊಣಕೈಗಳಿಗೂ ತಮ್ಮ ಅಂಗೈಗಳನ್ನು ಆಸರೆ ಕೊಟ್ಟರು. ತಾವು ಮಾತ್ರ ಟ್ರ್ಯಾಕಿನಿಂದ ಕಾಣದಂತೆ ತಲೆ ತಗ್ಗಿಸಿಕೊಂಡರು. ಅಕ್ಕ ಗೋಡೆಯಿಂದ ಹಿಂದಕ್ಕೆ ಸರಿದಳು. ಅಪ್ಪನೊಬ್ಬನೇ ಕಾಣಬೇಕಿತ್ತು.

ಇನ್ನು ನೋಡುವುದಕ್ಕೆ ಏನೂ ಇರಲಿಲ್ಲ, ಕೇಳುವುದಷ್ಟೇ. ಟ್ರ್ಯಾಕಿನ ಆಚೆ ಬದಿಯಿಂದ ಮುದುಕಿಯ ದನಿ ಬರುತ್ತಿತ್ತು. ಉಳಿದ ಕಾರುಗಳ ಗದ್ದಲದ ನಡುವೆಯೂ ಆ ದನಿಯನ್ನು ಅವಳ ಕಿವಿ ಆರಿಸಿಕೊಳ್ಳುತ್ತಿತ್ತು. ಗೇರು ಇಳಿಯಿತು, ಅದು ಗುಡ್ಡದ ತಿರುವು. ಮತ್ತೆ ಏರಿತು. ಆಮೇಲೆ ದನಿ ತುಂಡಾಯಿತು. ಮರುಗಳಿಗೆ ಮರಗಳ ಸಾಲು ದಾಟಿ ದನಿ ಮತ್ತೆ ಬಂತು, ಅಷ್ಟೇ. ಉದ್ದ ತಿರುವು. ದನಿ ಏರುತ್ತಲೇ ಇತ್ತು. ಕಾಲು ತೆಗೆಯೋ, ಕಾಲು ತೆಗೆಯೋ ಎಂದು ಅವಳ ತುಟಿ ತನ್ನಷ್ಟಕ್ಕೆ ಆಡಿತು.

ಹಸಿರು ಕಾರು ತಿರುವಿನಿಂದ ಹೊರಗೆ ಬಂತು. ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಬಿತ್ತು. ಗಾಳಿ ಕೈ ಮೇಲೆತ್ತಿ, ರಸ್ತೆಯ ಅಂಚಿಗೆ ಸರಿದು, ಮೆಲ್ಲಗೆ ಪಿಟ್ಟಿನೊಳಕ್ಕೆ ತಿರುಗಿದ.

"ಅಪ್ಪಂಗೇನಾಯ್ತು?" ಕಾರು ನಿಲ್ಲುವ ಮೊದಲೇ ಅವನು ಕೂಗಿದ. "ಅಪ್ಪ ಯಾಕೆ ಅಲ್ಲಿ ನಿಂತಿದ್ದ?"

"ಅಪ್ಪ ಚೆನ್ನಾಗಿದ್ದಾನೆ. ಎಂಜಿನ್ ಆರಿಸು."

"ಮತ್ತೆ ಇದೇನು ನಾಟಕ? ಅಕ್ಕಾ, ನಾನು ಎಷ್ಟು ಚೆನ್ನಾಗಿ ಹೋಗ್ತಿದ್ದೆ ಗೊತ್ತಾ? ಮತ್ತೆ ಕನ್ನಡೀನಾ?"

ಅವಳು ಮುಂದಿನ ಎಡ ಚಕ್ರದ ಹಿಂದೆ ಕೈ ತೂರಿಸಿದಳು. ಬಿಸಿ ಲೋಹ ಚುರ್ರೆಂದಿತು. ನಟ್ಟು ಸಿಕ್ಕಿತು. ಅದು ಬೋಲ್ಟಿನ ತುದಿಗೆ ಬಂದು ನಿಂತಿತ್ತು, ಇನ್ನೊಂದೆರಡು ಸುತ್ತು ತಿರುಗಿದ್ದರೆ ಉದುರಿಬಿಡುತ್ತಿತ್ತು. ಅವಳು ಕೈ ಹೊರತೆಗೆದು, ತಮ್ಮನ ಕೈಗವಸು ಕಿತ್ತು, ಅವನ ಬೆರಳುಗಳನ್ನು ಒಯ್ದು ಅಲ್ಲಿಟ್ಟಳು.

ಗಾಳಿಯ ಬೆರಳಲ್ಲಿ ನಟ್ಟು ಸಲೀಸಾಗಿ ತಿರುಗಿತು.

ಆ ಹೊತ್ತಿಗೆ ವಾಕಿಟಾಕಿ ಹಿಡಿದುಕೊಂಡು ಬಾವುಟದವರು ಓಡಿ ಬಂದರು. "ಒಳಗೆ ಬಂದ್ರಾ? ಒಳ್ಳೇದಾಯ್ತು, ಬಾವುಟ ಬೇಕಾಗಿಲ್ಲ. ಏನಾಗಿತ್ತು?"

ಗಾಳಿ ಅಪ್ಪನ ಕಡೆ ನೋಡಿದ. ಅಪ್ಪ ಬೋರ್ಡನ್ನು ಎದೆಗವಚಿಕೊಂಡು ನಿಂತಿದ್ದ. ಅಪ್ಪನ ಕೈ, ಅಪ್ಪನ ಮುಖ, ಅಕ್ಕ ಕೆಳಗೆ ಬಿಟ್ಟುಹೋದ ಹಳದಿ ಕಲೆಯ ಬಟ್ಟೆ, ಎಲ್ಲವನ್ನೂ ಅವನು ಒಂದು ಸಲ ನೋಡಿದ. ಆತುರಗಾರನಾದರೂ ಅವನು ದಡ್ಡನಲ್ಲ.

"ನಂದೇ ಎಡವಟ್ಟು ಸಾರ್," ಎಂದ. "ಬೆಳಿಗ್ಗೆ ನಾನೇ ಏನೋ ಬಿಚ್ಚಿ ನೋಡಕ್ಕೆ ಹೋಗಿ..."

"ಸುಳ್ಳು ಹೇಳ್ಬೇಡವೋ," ಎಂದ ಅಪ್ಪ. ದನಿ ಸಣ್ಣದಾಗಿತ್ತು, ಆದರೆ ಅಲುಗಲಿಲ್ಲ. "ಬಿಗಿಸದೇ ಇರೋ ಬೋಲ್ಟಿಗೆ ಗೆರೆ ಎಳೆದವನು ನಾನು, ಸ್ವಾಮಿ. ಇವರಿಬ್ಬರದೂ ಏನೂ ತಪ್ಪಿಲ್ಲ."

"ನಂದೂ ಇದೆ," ಎಂದಳು ಅಕ್ಕ. "ಗೆರೆ ನೋಡಿದೆ. ಬೋಲ್ಟು ಮುಟ್ಟಿ ನೋಡಲಿಲ್ಲ."

ಬಾವುಟದವರು ಯಾರ ಮುಖವನ್ನೂ ನೋಡದೆ, ವಾಕಿಟಾಕಿಯ ಗುಂಡಿಯನ್ನು ಸುಮ್ಮನೆ ತಿರುಗಿಸುತ್ತ ನಿಂತರು. ಆಮೇಲೆ ಗಾಳಿಯನ್ನು ಕೇಳಿದರು: "ಮೇಲಿನೋರಿಗೆ ಏನು ಹೇಳ್ಲಿ? ಹೊತ್ತು ಇನ್ನೂ ಇದೆ. ಅದೊಂದು ಬಿಗಿಸ್ಕೊಂಡು ಹೋಗೋದಾದ್ರೆ ಹೋಗಬಹುದು."

ಗಾಳಿ ಹೆಲ್ಮೆಟ್ ತೆಗೆದ. ಕೂದಲೆಲ್ಲ ಬೆವರಿಗೆ ಒದ್ದೆಯಾಗಿ ಹಣೆಗೆ ಅಂಟಿತ್ತು. ಹೊರಗೆ ಕೆಂಪು ಕಾರೊಂದು ಗೋಡೆ ನಡುಗಿಸಿಕೊಂಡು ಹಾದು ಹೋಯಿತು. ಅವನ ಕಣ್ಣು ಅದರ ಹಿಂದೆಯೇ ಓಡಿ, ಕಷ್ಟಪಟ್ಟು ಹಿಂದಕ್ಕೆ ಬಂತು.

"ನನ್ನ ಕೇಳಬೇಡಿ," ಎಂದ. "ಅಕ್ಕನ್ನ ಕೇಳಿ."

ಅಕ್ಕ ಕಾರಿನ ಉದ್ದಗಲಕ್ಕೂ ಕಣ್ಣಾಡಿಸಿದಳು. ಎಲ್ಲಿ ನೋಡಿದರೂ ದಪ್ಪನೆಯ, ನೇರವಾದ, ಮುದ್ದಾದ ಹಳದಿ ಗೆರೆಗಳು. ಹಳೆಯ ಗೆರೆ ಮುರಿದಿದ್ದರೂ ಹೊಸ ಗೆರೆಯಡಿ ಮುಚ್ಚಿಹೋಗಿರುತ್ತದೆ. ಇವುಗಳಲ್ಲಿ ಒಂದನ್ನೂ ಈಗ ನಂಬುವಂತಿರಲಿಲ್ಲ.

"ಈ ಸುತ್ತುಗಳು ನಮಗೆ ಬೇಡ ಅಂತ ಹೇಳಿ. ಎಲ್ಲಾ ಬೋಲ್ಟೂ ಮೊದಲಿಂದ ನೋಡ್ಬೇಕು. ಮಧ್ಯಾಹ್ನದೊಳಗೆ ಮುಗಿದ್ರೆ ಕಟ್ಟಕಡೆಗೆ ನಿಲ್ತೀವಿ. ಮುಗೀಲಿಲ್ಲ ಅಂದ್ರೆ ಮನೆಗೆ ಹೋಗ್ತೀವಿ."

ಗಾಳಿ ಹೋಗಿ ಟಾರ್ಕ್ ರೆಂಚು ತಂದು ಅವಳ ಕೈಗೆ ಕೊಟ್ಟ. ಆಮೇಲೆ ಟೈರಿನವರ ಷೆಡ್ಡಿನಿಂದ ಒಂದು ಗಿಡ್ಡ ಸ್ಟೂಲು ತಂದು, ಅದರ ಮೇಲೆ ತನ್ನ ಅಂಗಿಯನ್ನು ಮಡಚಿ ಹಾಸಿ, ಮುಂದಿನ ಎಡ ಚಕ್ರದ ಪಕ್ಕದಲ್ಲಿಟ್ಟ.

"ಬಾಪ್ಪ, ಕೂತ್ಕೋ. ಅಳಿಸೋ ಕೆಲಸ ತುಂಬಾ ಇದೆ."

ಅಪ್ಪ ಬೋರ್ಡನ್ನು ಗೋಡೆಗೆ ಆನಿಸಿ ಬಂದು ಕೂತ. ಪೆಟ್ರೋಲಿನ ಬಟ್ಟೆಯಿಂದ ತನ್ನ ಮೊದಲ ಗೆರೆಯನ್ನು ಉಜ್ಜತೊಡಗಿದ. ಬಣ್ಣ ಬೇಗ ಬಿಡಲಿಲ್ಲ. ಅಕ್ಕ ರೆಂಚು ಹಿಡಿದು ಪಕ್ಕದಲ್ಲಿ ಮಂಡಿಯೂರಿ, ಅವನು ಮುಗಿಸುವವರೆಗೆ ಆತುರ ಮಾಡದೆ ಕಾದಳು.